ಹೊಸ ಬಟ್ಟೆಗೆ ಮೊದಲು ನೀರೋ, ಅರಿಶಿನವೋ?

ಪ್ರಶ್ನೆ: ಮೇಡಂ, ಯುಗಾದಿಗೆ ನನ್ನ ಎಂಟು ತಿಂಗಳ ಮಗಳಿಗೆ ಫ್ರಾಕ್ ತಂದಿದ್ದೇವೆ. ಒಗೆದು ಹಾಕೋಣ ಎಂದರೆ ಅತ್ತೆ ಒಪ್ಪುತ್ತಿಲ್ಲ. "ಒಗೆದ್ಮೇಲೆ ಅದು ಹೊಸ ಬಟ್ಟೆ ಹೆಂಗಾಯ್ತು? ಅರಿಶಿನ ಕುಂಕುಮ ಇಟ್ಟು ಹಾಗೇ ಹಾಕು" ಅಂತಾರೆ. ದೀಪಾವಳಿಗೆ ಕೊಂಡ ಕಪ್ಪು ಚೂಡಿದಾರ ಹಾಕಿಕೊಂಡಾಗ ನನಗೇ ಕಂಕುಳ ಸುತ್ತ ಕೆಂಪಾಗಿ ತುರಿಕೆ ಬಂದಿತ್ತು. ಅದಕ್ಕೇ ಭಯ. ನಾನು ಅತಿ ಮಾಡುತ್ತಿದ್ದೇನಾ?
— ಹೆಸರು ಬೇಡ, ತಿಪಟೂರು

ಉತ್ತರ: ಅತಿ ಏನಲ್ಲಮ್ಮಾ, ಒಗೆದೇ ಹಾಕಿ. ಅತ್ತೆಯವರ ಹತ್ತಿರ ವಾದ ಮಾತ್ರ ಬೇಡ. ಬಾಣಂತನದಲ್ಲಿ ಕೂಸಿಗೆ ಏನು ಸುತ್ತಿದ್ದರು ಅಂತ ಮೆಲ್ಲಗೆ ಕೇಳಿ. ಹಳೇ ಪಂಚೆಯೋ, ಒಗೆದೊಗೆದು ಮೆತ್ತಗಾದ ಹತ್ತಿ ಸೀರೆಯೋ ಇರುತ್ತದೆ. ಎಷ್ಟೋ ಮನೆಗಳಲ್ಲಿ ನಾಮಕರಣದವರೆಗೆ ಕೂಸಿಗೆ ಹೊಸ ಬಟ್ಟೆ ಹಾಕುವುದೇ ಇಲ್ಲ. ಅದೂ ಹಿರಿಯರದೇ ಪದ್ಧತಿ ಅಲ್ವಾ?

ಹೋಮ್ ಸೈನ್ಸ್ ಕಾಲೇಜಿನಲ್ಲಿ ಜವಳಿ ಪಾಠ ಮಾಡುವಾಗ ಹುಡುಗಿಯರಿಗೆ ನಾನು ಒಂದು ಆಟ ತೋರಿಸುತ್ತಿದ್ದೆ. ಹೊಸ ಬಿಳಿ ಹತ್ತಿ ಬಟ್ಟೆಯ ಚೂರಿನ ಮೇಲೆ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡುವುದು. ಗಂಜಿ ಇದ್ದರೆ ಕಂದು ಹನಿ ನೋಡುನೋಡುತ್ತಲೇ ಕಡುನೀಲಿ ಆಗುತ್ತದೆ. ಮಗ್ಗದ ಮೇಲೆ ಹಾಸಿನ ನೂಲು ಹರಿಯದಿರಲಿ ಎಂದು ಗಂಜಿ ಹಾಕುತ್ತಾರೆ. ಅಂಗಡಿಯಲ್ಲಿ ಗರಿಗರಿ ಕಾಣಲಿ ಎಂದು ಕೊನೆಗೆ ಇನ್ನೊಮ್ಮೆ ಹಾಕುವುದೂ ಉಂಟು. ಗಂಜಿ ಪಾಪದ್ದು, ಎಳೇ ಮೈಗೆ ಸ್ವಲ್ಪ ಒರಟು ಅಷ್ಟೇ.

ನನ್ನ ತಕರಾರು ಇರುವುದು ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕದ ಮೇಲೆ. "ಸುಕ್ಕಾಗಲ್ಲ, ಇಸ್ತ್ರಿ ಬೇಡ" ಎಂದು ಮಾರುವ ಹತ್ತಿ ಬಟ್ಟೆಗೆ ಒಂದು ರಾಳ ಹಿಡಿಸಿರುತ್ತಾರೆ. ಅಂಥ ರಾಳಗಳಿಂದ ಇದು ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗುತ್ತದೆ. ಕೆಲವರ ಚರ್ಮ ಇದನ್ನು ತಡೆಯುವುದಿಲ್ಲ. ಜಪಾನಿನವರು 1973ರಲ್ಲೇ ಇದಕ್ಕೆ ಕಾನೂನು ಮಾಡಿದರು. ಎರಡು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಇದು ಪತ್ತೆಯೇ ಆಗಬಾರದು. ದೊಡ್ಡವರ ಒಳ ಉಡುಪಿನಲ್ಲಿ ಹತ್ತು ಲಕ್ಷಕ್ಕೆ 75 ಭಾಗ ದಾಟಬಾರದು. ನೀರಲ್ಲಿ ಕರಗುವ ವಸ್ತುವಾದ್ದರಿಂದ ಒಂದು ಒಗೆತಕ್ಕೇ ಸಾಕಷ್ಟು ಇಳಿದುಹೋಗುತ್ತದೆ.

ನಿಮ್ಮ ಕಪ್ಪು ಚೂಡಿದಾರದ ಕಥೆ ಬೇರೆ ಇರಬಹುದು. ಪಾಲಿಯೆಸ್ಟರ್‌ಗೆ ಡಿಸ್ಪರ್ಸ್ ಎಂಬ ಜಾತಿಯ ಬಣ್ಣ ಹಾಕುತ್ತಾರೆ. ಕಪ್ಪು, ಕಡುನೀಲಿಯಲ್ಲಿ ಬಣ್ಣ ಜಾಸ್ತಿ. ಬೆವರು, ಉಜ್ಜಾಟ ಸೇರಿದ ಕಡೆ ಅದು ಚರ್ಮಕ್ಕೆ ಇಳಿಯುತ್ತದೆ. ಕಂಕುಳ ಅಂಚು, ಸೊಂಟದ ಲಾಡಿ ಜಾಗ, ತೊಡೆಯ ಒಳಬದಿಯಲ್ಲಿ ಕಾಣಿಸಿಕೊಳ್ಳುವುದು ಇದಕ್ಕೇ. ಒಳಗಿನ ಲೈನಿಂಗ್ ಯಾವುದು ನೋಡಿ, ಎಷ್ಟೋ ಸಲ ಮೇಲಿನದು ಹತ್ತಿ, ಒಳಗಿನದು ಪಾಲಿಯೆಸ್ಟರ್. ಮತ್ತೆ ಮತ್ತೆ ಹೀಗಾದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ, ಅಂದರೆ ಯಾವುದು ಮೈಗೆ ಆಗುವುದಿಲ್ಲ ಎಂದು ಚರ್ಮದ ಮೇಲೆ ಅಂಟಿಸಿ ನೋಡುವ ಪರೀಕ್ಷೆ. ನಿಜವಾದ ಅಲರ್ಜಿ ಇದ್ದರೆ ಬರೀ ಒಗೆದು ಹಾಕಿಕೊಂಡರೆ ಸಾಲುವುದಿಲ್ಲ.

ನೀವು ಕೇಳದಿದ್ದರೂ ಒಂದು ಮಾತು. ಮಗುವಿನ ಬಟ್ಟೆ ಇಡುವ ಬೀರುವಿನಲ್ಲಿ ನುಸಿಗುಳಿಗೆ ಬೇಡವೇ ಬೇಡ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ರಕ್ತಕಣ ಒಡೆದು ಕಾಮಾಲೆ ಆಗಬಹುದು. ಟ್ರಂಕಿನಲ್ಲಿದ್ದ ಹಳೇ ಪಂಚೆಗೂ ಇದೇ ಮಾತು. ಒಗೆದು ಬಿಸಿಲು ಗಾಳಿಗೆ ಹಾಕಿ. ಆಮೇಲೂ ವಾಸನೆ ಉಳಿದರೆ ಅದು ಮಗುವಿಗೆ ಬೇಡ.

ಫ್ರಾಕ್ ಒಗೆಯಲು ಸೋಪಿನ ಪುಡಿ ಕಮ್ಮಿ ಹಾಕಿ. ಎರಡು ಸಲ ಚೆನ್ನಾಗಿ ಜಾಲಿಸಿ. ಘಮಘಮ ಕಂಡೀಷನರ್ ಬೇಡ. ಒಣಗಿಸಿ ಇಸ್ತ್ರಿ ಮಾಡಿ ಅತ್ತೆಯವರ ಕೈಗೆ ಕೊಡಿ, ಅರಿಶಿನ ಅವರೇ ಹಚ್ಚಲಿ. ಮಡಚಿ ಹೊಲಿದ ಅಂಚಿನ ಒಳಗೆ ಹಚ್ಚಿದರೆ ಹೊರಗೆ ಕಾಣುವುದಿಲ್ಲ. ಮುಂದಿನ ಸಲ ಸೋಪು ತಾಗಿದಾಗ ಆ ಕಲೆ ಕೆಂಪಗಾಗುತ್ತದೆ, ಗಾಬರಿ ಬೀಳಬೇಡಿ. ಬಿಸಿಲಿಗೆ ಅರಿಶಿನ ಮಾಸುತ್ತದೆ. ಕುಂಕುಮ ಹಾಗಲ್ಲ. ಅದು ಮಗುವಿನ ಹಣೆಗೇ ಇರಲಿ ಎಂದು ನೋಡಿ.

ಪ್ರಶ್ನೆ: ಹೊಸ ಮರೂನ್ ಕಾಟನ್ ಕುರ್ತಾ ಬಣ್ಣ ಬಿಡುತ್ತಿದೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದಾ?
— ಓದುಗರು, ಹಾಸನ

ಉತ್ತರ: ನಿಲ್ಲುವುದಿಲ್ಲ. ಸುಮ್ನೆ ಉಪ್ಪು ದಂಡ. ಈ ನಂಬಿಕೆ ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. ಹತ್ತಿಗೆ ಬಣ್ಣ ಹಾಕುವಾಗ ತೊಟ್ಟಿಗೆ ಉಪ್ಪು ಸುರಿಯುತ್ತಾರೆ, ಅದು ನೀರಿನಲ್ಲಿರುವ ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ. ಕಚ್ಚಿಸುವ ಕೆಲಸ ಕ್ಷಾರದ್ದು. ಆಮೇಲೆ ಕಚ್ಚದೆ ಉಳಿದ ಬಣ್ಣವನ್ನು ಬಿಸಿ ಸೋಪಿನ ನೀರಿನಲ್ಲಿ ತೊಳೆದು ತೆಗೆಯಬೇಕು. ಅದಕ್ಕೆ ನೀರು, ಸೌದೆ, ಹೊತ್ತು ಎಲ್ಲ ಬೇಕು. ಅಲ್ಲಿ ಖರ್ಚಿಗೆ ಕೈ ಬಿಗಿ ಹಿಡಿದರೆ ಆ ಕೆಲಸ ನಿಮ್ಮ ಬಚ್ಚಲಿಗೆ ಬರುತ್ತದೆ.

ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಕುರ್ತಾದ ಒಳಹೊಲಿಗೆ ಮೇಲೆ ಉಜ್ಜಿ ನೋಡಿ. ಅದಕ್ಕೆ ಬಣ್ಣ ಹತ್ತುವುದು ನಿಲ್ಲುವವರೆಗೂ ಕುರ್ತಾ ಬೇರೆಯಾಗಿಯೇ ಒಗೆಯಿರಿ, ನೆನೆಹಾಕಿ ಮರೆಯಬೇಡಿ, ಒದ್ದೆಯಾಗಿ ಮುದ್ದೆ ಮಾಡಿ ಇಡಬೇಡಿ. ಹಲವು ಒಗೆತ ಕಳೆದರೂ ನೀರು ಕೆಂಪಾಗಿಯೇ ಬಂದರೆ ಅಂಗಡಿಗೆ ತೆಗೆದುಕೊಂಡು ಹೋಗಿ ಕೇಳಿ. ಬಿಲ್ ಎಸೆದಿಲ್ಲ ತಾನೆ?

ಪ್ರಶ್ನೆ: ಇಳಕಲ್ ಸೀರೆ ಕೊಂಡಿದ್ದೇನೆ. ಫಾಲ್ ಹಚ್ಚುವ ಮೊದಲು ಸೀರೆ ಒಗೆಯಬೇಕೇ?
— ಓದುಗರು, ಗದಗ

ಉತ್ತರ: ಸೀರೆ ಬೇಡ, ಫಾಲ್ ಒಗೆಯಿರಿ. ಹತ್ತಿ ಫಾಲ್ ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಹಚ್ಚಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಅಂಚನ್ನು ಜಗ್ಗುತ್ತದೆ, ನಿರಿಗೆ ಕೆಳಗೆ ಸುರುಟಿ ನಿಲ್ಲುತ್ತದೆ. ರವಿಕೆಯ ಲೈನಿಂಗ್‌ಗೂ ಹೀಗೇ ಮಾಡಿ. "ನಾನೇ ನೆನೆಸ್ತೀನಿ" ಎಂದು ಟೈಲರ್ ಹೇಳಿದರೂ ನೀವೇ ನೆನೆಸಿ ಕೊಡುವುದು ಒಳ್ಳೆಯದು. ಹಬ್ಬದ ವಾರದಲ್ಲಿ ಅವರಿಗೆ ಪುರುಸೊತ್ತು ಎಲ್ಲಿರುತ್ತದೆ!