ಬಾವಿ ನೀರು ತಿಳಿಯಾಯ್ತು, ಕುಡೀಬಹುದಾ? ನೆರೆ ಇಳಿದ ಮೇಲೆ ಬರೋ ಪ್ರಶ್ನೆಗಳಿಗೆ ಡಾಕ್ಟರ್ ಉತ್ತರ

ತುಂಗೆ ಏರಿದಾಗ ಶಿವಮೊಗ್ಗದ ಹೊಳೆಯಲ್ಲಿರೋ ಕೋರ್ಪಲಯ್ಯನ ಮಂಟಪ ಮುಳುಗಿದ ಫೋಟೋ ಹಾಕೋಕೆ ಇರೋ ಹುರುಪು ಹೊಳೆ ಇಳಿದ ಮೇಲೆ ಬಾವಿ ತೊಳೆಯೋಕೆ ಯಾರಿಗೂ ಇರಲ್ಲ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಕುಂಬಾರಗುಂಡಿ, ವಿದ್ಯಾನಗರದ ಮನೆಗಳಿಗೆ ನೀರು ನುಗ್ಗಿದಾಗಲೂ ಇದೇ ಪ್ರಶ್ನೆಗಳು, ಈಗಲೂ ಅವೇ. ಹಾಗಾಗಿ ಒಂದೇ ಸಲ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸೋದು.

ನಮ್ಮ ಬಾವಿಗೆ ಹೊಳೆ ನೀರು ನುಗ್ಗಿತ್ತು. ಈಗ ನೀರು ತಿಳಿಯಾಗಿದೆ, ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎರಚಿದ್ದೀವಿ. ಕುಡೀಬಹುದಾ? (ತೀರ್ಥಹಳ್ಳಿ ಕಡೆಯ ಓದುಗರು)

ಇಲ್ಲ. ತಿಳಿಯಾಗಿದೆ ಅಂದ್ರೆ ಮಣ್ಣು ತಳಕ್ಕೆ ಕೂತಿದೆ ಅಂತ ಅಷ್ಟೇ ಮಾರಾಯ್ರೆ. ಕೊಟ್ಟಿಗೆಯ ಗಂಜಲ, ಕಕ್ಕಸು ಗುಂಡಿಯ ನೀರು, ಸತ್ತ ಇಲಿ ಹೆಗ್ಗಣ ಎಲ್ಲಾ ಬಾವಿಗೆ ಬಂದು ಹೋಗಿದೆ, ಅದರ ರೋಗಾಣು ಕಣ್ಣಿಗೆ ಕಾಣಲ್ಲ. ಇನ್ನು ಆ ಒಂದು ಹಿಡಿ, ಯಾರ ಹಿಡಿ, ಎಷ್ಟು ನೀರಿಗೆ, ಯಾವ ಕಾಲದ ಪೌಡರ್? ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ 33 ಭಾಗದಷ್ಟು ಕ್ಲೋರಿನ್ ಇರುತ್ತೆ. ಬಾಯಿ ಬಿಚ್ಚಿಟ್ಟ ಚೀಲ ನಮ್ಮ ಮಳೆಗಾಲದ ತಂಡಿಗೆ ಗಟ್ಟಿಯಾಗಿ ಹೆಂಟೆ ಕಟ್ಟಿದ್ರೆ ಅದರಲ್ಲಿ ಉಳಿಯೋದು ಹೆಚ್ಚಾಗಿ ಸುಣ್ಣ. ಡಬ್ಬಿ ತೆರೆದ ಕೂಡ್ಲೇ ಮೂಗಿಗೆ ಚುಚ್ಚಬೇಕು, ಚುಚ್ಚಲಿಲ್ಲ ಅಂದ್ರೆ ಅದನ್ನ ಅಂಗಳದ ಪಾಚಿಗೆ ಹಾಕಿ.

ಯಾರೂ ಕೇಳದ, ಆದ್ರೆ ಮೊದಲು ಕೇಳಬೇಕಾದ ವಿಷಯ: ಬಾವಿಗೆ ಏನೇನು ಬಿದ್ದಿದೆ? ಮಳೆಗಾಲದಲ್ಲಿ ಅಡಿಕೆ ತೋಟ ಇರೋ ಮನೆಯಲ್ಲೆಲ್ಲ ಕೊಳೆ ರೋಗಕ್ಕೆ ಹೊಡೆಯೋ ಮೈಲುತುತ್ತ ಇರುತ್ತೆ, ಪಕ್ಕದಲ್ಲೇ ಕಳೆನಾಶಕದ ಕ್ಯಾನ್, ಪಂಪ್‌ಸೆಟ್ ಡೀಸೆಲ್ಲು. ನೀರು ಆ ರೂಮಿಗೆ ನುಗ್ಗಿ ಬಾವಿ ಕಡೆ ಹರಿದಿದ್ರೆ ಕುದಿಸಿದರೂ ಪ್ರಯೋಜನ ಇಲ್ಲ, ಬ್ಲೀಚಿಂಗ್ ಹಾಕಿದರೂ ಇಲ್ಲ. ಕುದಿಸಿದ್ರೆ ನೀರು ಆವಿಯಾಗಿ ಹೋಗುತ್ತೆ, ತುತ್ತ ಪಾತ್ರೆಯಲ್ಲೇ ಉಳಿಯುತ್ತೆ. ಅಂಥ ಬಾವಿನ ಪೂರ್ತಿ ಖಾಲಿ ಮಾಡಿಸಿ, ತುಂಬಿದ ಮೇಲೆ ಮತ್ತೆ ಖಾಲಿ ಮಾಡಿಸಿ, ಲ್ಯಾಬಲ್ಲಿ ರಾಸಾಯನಿಕ ಪರೀಕ್ಷೆ ಆಗೋ ತನಕ ಬಾಯಿಗೆ ಇಡಬೇಡಿ. ದನಕ್ಕೂ ಬೇಡ.

ಬರೀ ಹೊಳೆ ನೀರು ಬಂದಿದ್ರೆ ದಾರಿ ಇದೆ, ಆದ್ರೆ ಅವಸರ ಬೇಡ. ಸುತ್ತಲಿನ ಮಣ್ಣು ನೀರು ಕುಡಿದು ಉಬ್ಬಿರುವಾಗ ಬಾವಿ ಒಮ್ಮೆಲೇ ಖಾಲಿ ಮಾಡಿದ್ರೆ ಹೊರಗಿನ ಒತ್ತಡಕ್ಕೆ ಕಲ್ಲು ಕಟ್ಟಿದ್ದೇ ಒಳಗೆ ಕುಸಿಯುತ್ತೆ. ಅಂತರ್ಜಲ ಸ್ವಲ್ಪ ಇಳೀಲಿ, ಆಮೇಲೆ ನಿಧಾನಕ್ಕೆ ಎತ್ತಿ. ಎಂಜಿನ್ ಹೊರಗೇ ಇರಲಿ, ಒಳಗೆ ಪೈಪು ಮಾತ್ರ. ಪೈಪು ಮುಟ್ಟಲ್ಲ ಅಂತ ಡೀಸೆಲ್ ಎಂಜಿನ್ನನ್ನೇ ಬಾವಿ ಒಳಗೆ ಇಳಿಸೋರಿದ್ದಾರೆ, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ವಾಸನೆ ಇಲ್ಲ, ಇಳಿದವನೂ ಹೋಗ್ತಾನೆ ಅವನನ್ನ ಎತ್ತೋಕೆ ಇಳಿದವನೂ ಹೋಗ್ತಾನೆ. "ದೀಪ ಇಳಿಸಿ ನೋಡಿದ್ವಿ ಡಾಕ್ಟ್ರೇ, ಆರಲಿಲ್ಲ" ಅಂತ ನನಗೆ ಹೇಳ್ಬೇಡಿ. ದೀಪ ಆಮ್ಲಜನಕ ಕಮ್ಮಿ ಇದ್ರೆ ಆರುತ್ತೆ, ಈ ವಿಷ ಇದ್ರೆ ಆರಲ್ಲ.

ಖಾಲಿ ಮಾಡಿ, ತಳದ ಕೆಸರು ತೆಗೆದು, ಗೋಡೆ ಉಜ್ಜಿ, ಮತ್ತೆ ನೀರು ಬಂದ ಮೇಲೆ ಅಳತೆ. ದುಂಡು ಬಾವಿಯ ಅಗಲವನ್ನ ಮೀಟರ್‌ನಲ್ಲಿ ತಗೊಂಡು ಅದನ್ನ ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದಿದ್ದನ್ನ 785ರಿಂದ ಗುಣಿಸಿ, ಅಷ್ಟು ಲೀಟರ್. 2 ಮೀಟರ್ ಅಗಲ, 5 ಮೀಟರ್ ನೀರು ಇದ್ರೆ 15,700 ಲೀಟರ್. ದಿನನಿತ್ಯದ ಲೆಕ್ಕದಲ್ಲಿ 1000 ಲೀಟರ್‌ಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದ್ರೆ ಈ ಬಾವಿಗೆ 40 ಗ್ರಾಂ ಸಾಕು. ಆದ್ರೆ ನೆರೆ ನುಗ್ಗಿದ ಬಾವಿಗೆ ಮೊದಲ ಸಲ ಅದು ಸಾಲಲ್ಲ, ಇದೇ ಬಾವಿಗೆ ಸುಮಾರು ಎರಡೂವರೆ ಕೇಜಿ ಬೇಕು. ನಿಮ್ಮ ಹಿಡಿಗೂ ಇದಕ್ಕೂ ಎಷ್ಟು ದೂರ ನೋಡಿ.

ಎರಚೋದಲ್ಲ. ಒಂದು ಪ್ಲಾಸ್ಟಿಕ್ ಬಕೆಟ್‌ಗೆ 100 ಗ್ರಾಂಗಿಂತ ಹೆಚ್ಚು ಹಾಕ್ಬೇಡಿ, ಸ್ವಲ್ಪ ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ ಹತ್ತು ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತೆ. ಮೇಲಿನ ನೀರನ್ನ ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಿ. ಗಸಿಯನ್ನ ಬಾವಿಗೆ ಸುರಿದ್ರೆ ನೀರು ಗಡುಸಾಗುತ್ತೆ. ಹೌದು, ಇಪ್ಪತ್ತೈದು ಬಕೆಟ್ ಆಗುತ್ತೆ, ಕೈ ನೋಯುತ್ತೆ, ಅದಕ್ಕೇ ಎಲ್ಲರೂ ಎರಚಿ ಕೈ ತೊಳ್ಕೊಳೋದು. ಒಂದು ದಿನ ಹಾಗೇ ಬಿಡಿ, ಯಾರೂ ಸೇದಬಾರದು. ಮಾರನೇ ದಿನ ಕ್ಲೋರಿನ್ ವಾಸನೆ ಹೋಗೋ ತನಕ ಹೊರಗೆ ಹಾಕಿ, ತೋಟಕ್ಕೂ ಬೇಡ ಹೊಳೆಗೂ ಬೇಡ. ಆಮೇಲೆ ದಿನನಿತ್ಯದ ಅಳತೆ, ಹಾಕಿ ಒಂದು ಗಂಟೆ ಬಿಟ್ಟು ಸೇದೋದು. ಗ್ರಾಮ ಪಂಚಾಯ್ತಿಯಲ್ಲಿ ಪರೀಕ್ಷೆ ಬಾಟಲಿ ಇದೆಯಾ ಕೇಳಿ, ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದ್ರೆ ಮತ್ತೆ ಶುರುವಿಂದ. ಪರೀಕ್ಷೆ ಪಾಸಾಗೋವರೆಗೆ ಕಳಕಳ ಅಂತ ಕುದ್ದ ಮೇಲೂ ಒಂದು ನಿಮಿಷ ಕುದಿಸಿದ ನೀರೇ ಕುಡಿಯಬೇಕು.

ಇಷ್ಟೆಲ್ಲ ಪ್ರತಿ ಮನೆಯವರೂ ಒಂಟಿಯಾಗಿ ಮಾಡೋಕೆ ಹೋಗಿ ಯಾರ ಬಾವಿಯೂ ಸರಿಯಾಗಲ್ಲ. ಕೇರಿಯಲ್ಲಿ ಎತ್ತರದಲ್ಲಿರೋ, ಕಕ್ಕಸು ಗುಂಡಿಯಿಂದ ದೂರ ಇರೋ ಒಂದು ಬಾವಿ ಆರಿಸಿ, ನಾಲ್ಕು ಮನೆಯವರು ಸೇರಿ ಅದನ್ನ ಮೊದಲು ಮಾಡಿ, ಕುಡಿಯೋಕೆ ಅಲ್ಲಿಂದ ಹೊರಿ. ಮಾತು ಬಿಟ್ಟ ದಾಯಾದಿಗಳ ಬಾವಿ ಅಂತ ಹೊಳೆ ನೀರು ಸೋಸಿ ಕುಡಿದವರನ್ನ ನೋಡಿದ್ದೀನಿ. ಅವರ ವಾಂತಿಭೇದಿಗೆ ಡ್ರಿಪ್ ಹಾಕಿದ್ದೂ ನಾನೇ.

ಪಟಿಕ? ಮಣ್ಣು ಕೂರಿಸುತ್ತೆ, ರೋಗಾಣು ಸಾಯಲ್ಲ. ತುಳಸಿ, ಅರಿಶಿನ, ಬಾವಿಗೆ ನಿಂಬೆಹಣ್ಣು, ವಾಟ್ಸಾಪ್‌ನಲ್ಲಿ ಬಂದ ನೇರಳೆ ಬಣ್ಣದ ಪುಡಿ, ಮನೆ ಬಾಗಿಲಿಗೆ ಬಂದು 'ಬಾವಿ ಶುದ್ಧಿ ಚೂರ್ಣ' ಮಾರೋನು, ಇವರೆಲ್ಲರಿಗೂ ದೊಡ್ಡ ನಮಸ್ಕಾರ.

ಇಲಿ ಜ್ವರ ಬರದ ಹಾಗೆ ಮಾತ್ರೆ ಇದೆಯಂತೆ, ಎಲ್ಲರೂ ನುಂಗಬಹುದಾ?

ಎಲ್ಲರೂ ಅಲ್ಲ. ಇದು ಇಲಿ ಉಚ್ಚೆ ಸೇರಿದ ನೀರು, ಕೆಸರಿಂದ ಬರೋ ಜ್ವರ. ಕೆಸರಲ್ಲಿ ನಿಂತು ಕೆಲಸ ಮಾಡೋ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ವಾರಕ್ಕೊಮ್ಮೆ, ಅದೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಊಟ ಆದ್ಮೇಲೆ ಒಂದು ಲೋಟ ನೀರಲ್ಲಿ ನುಂಗಿ, ನುಂಗಿದ ತಕ್ಷಣ ಮಲಗಬೇಡಿ. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ನೀವೇ ಕೊಡಬೇಡಿ. ಮಾತ್ರೆ ತಗೊಂಡ್ರೂ ಗಂಬೂಟು ಬೇಕೇ ಬೇಕು. 2018ರ ನೆರೆ ಆದ್ಮೇಲೆ ಕೇರಳದಲ್ಲಿ ಈ ಜ್ವರಕ್ಕೆ ಜನ ಸತ್ತಿದ್ದಾರೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಇದ್ರೆ ಅದೇ ದಿನ ಡಾಕ್ಟರ್ ಹತ್ರ ಹೋಗಿ "ನೆರೆ ನೀರಲ್ಲಿ ಓಡಾಡಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಪೇಟೆ ಮೂಲೆಯಲ್ಲಿ ನೋವಿನ ಇಂಜೆಕ್ಷನ್ ಚುಚ್ಚೋ ಡಿಗ್ರಿ ಇಲ್ಲದ ಡಾಕ್ಟರ್ ಹತ್ರ ಹೋಗ್ಬೇಡಿ, ಆ ಇಂಜೆಕ್ಷನ್ ಈ ಜ್ವರದಲ್ಲಿ ಕಿಡ್ನಿಗೆ ಕುತ್ತು.

ನೆರೆಯಿಂದ ಮಂಗನ ಕಾಯಿಲೆ ಬರುತ್ತಾ?

ಇಲ್ಲ, ಅದು ಕಚ್ಚೋ ಉಣ್ಣೆ ಹುಳದಿಂದ, ಹೆಚ್ಚಾಗಿ ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ.

ಹಾವು ಕಚ್ಚಿದ್ರೆ ನಮ್ಮೂರ ನಾಟಿ ಔಷಧಿ ಒಳ್ಳೇದಂತೆ?

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತಾಲೂಕು ಆಸ್ಪತ್ರೆಗೋ ಹೊರಡಿ, ಚರ್ಚೆ ದಾರಿಯಲ್ಲಿ ಮಾಡೋಣ.

ನೆರೆಯಲ್ಲಿ ನೆಂದ ಅಕ್ಕಿ ಒಣಗಿಸಿದ್ರೆ?

ಆಗಲ್ಲ. ಕಾಳಜಿ ಕೇಂದ್ರದಲ್ಲಿ ಕೊಟ್ಟಿದ್ದು ಊಟ ಮಾಡಿ.

ಬೋರ್‌ವೆಲ್ ಮುಳುಗಿತ್ತು, ಸ್ವಿಚ್ ಹಾಕಿ ನೋಡ್ಲಾ?

ಹಾಕ್ಬೇಡಿ! ಮೆಸ್ಕಾಂ ಲೈನ್‌ಮನ್ ಬಂದು ಲೈನು ನೋಡಲಿ, ಎಲೆಕ್ಟ್ರಿಷಿಯನ್ ಸ್ಟಾರ್ಟರ್ ಬಿಚ್ಚಿ ಒಣಗಿಸಲಿ, ಅಲ್ಲಿವರೆಗೆ ಆ ಡಬ್ಬದ ಹತ್ರ ಮಕ್ಕಳನ್ನೂ ಬಿಡಬೇಡಿ.