ಮಾತ್ರೆ ಬಿಡೋದು ಯಾವಾಗ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಡಿಪ್ರೆಶನ್‌ಗೆ ಎಸ್ಸಿಟಾಲೋಪ್ರಾಮ್ ಮಾತ್ರೆ ಶುರುವಾಗಿ ವರ್ಷಗಳೇ ಆದವು. ಅತ್ತೆಗೆ ಕಾಣಬಾರದು ಅಂತ ಶೀಟನ್ನು ಬೇಳೆ ಡಬ್ಬಿ ಹಿಂದೆ ಇಡುತ್ತೇನೆ. ಆರಾಮಾಗಿದ್ದೇನೆ ಅನ್ನಿಸಿದಾಗ ಸುಮ್ನೆ ಬಿಟ್ಟುಬಿಡುತ್ತೇನೆ. ಎರಡು ಮೂರು ದಿನಕ್ಕೇ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಮತ್ತೆ ನುಂಗುತ್ತೇನೆ. ಇದು ಚಟ ಆಗಿದೆಯಾ? ಸಾಯೋವರೆಗೂ ಇದೇನಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಚಟ ಅಲ್ಲಮ್ಮ. ಚಟದಲ್ಲಿ ದಿನ ಕಳೆದಂತೆ ಜಾಸ್ತಿ ಬೇಕು ಅನ್ನಿಸುತ್ತದೆ, ಅದಕ್ಕಾಗಿ ಜೀವ ಹಾತೊರೆಯುತ್ತದೆ. ಈ ಮಾತ್ರೆಗೆ ಹಾಗಾಗುವುದಿಲ್ಲ. ಆದರೆ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಕರೆಂಟ್ ಹೊಡೆದಂತೆ ಆಗುವುದು ಅದಕ್ಕೇ. ಶೀಟಿನ ಜೊತೆಗೆ ಆಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆಯೂ ಇದೆಯಾ ನೋಡಿ. ಅದು ಮಾತ್ರ ಚಟ ಹಿಡಿಸಬಹುದು, ಅದನ್ನೂ ದಿಢೀರ್ ಬಿಡಬಾರದು.

ಇನ್ನೊಂದು ಗುರುತಿಟ್ಟುಕೊಳ್ಳಿ. ತಲೆಸುತ್ತು, ವಾಕರಿಕೆ ಎರಡೇ ದಿನಕ್ಕೆ ಬಂದರೆ ಸಾಮಾನ್ಯವಾಗಿ ಅದು ಮಾತ್ರೆ ಬಿಟ್ಟದ್ದರ ತೊಂದರೆ. ಕಾಯಿಲೆ ಮರಳುವುದು ನಿಧಾನ: ವಾರಗಳು ಕಳೆದಂತೆ ಬೆಳಗಿನ ಜಾವವೇ ಎಚ್ಚರ, ಸ್ನಾನಕ್ಕೂ ಬೇಜಾರು, ಮೊಬೈಲ್ ರಿಂಗಾದರೂ ಎತ್ತಲು ಮನಸ್ಸಿಲ್ಲ.

ಸಾಯೋವರೆಗೂ ಅಂತೇನಿಲ್ಲ. ಮೊದಲ ಸಲ ಬಂದದ್ದಾದರೆ, ಪೂರ್ತಿ ಚೆನ್ನಾದ ಮೇಲೆ 6ರಿಂದ 9 ತಿಂಗಳು ಮುಂದುವರಿಸುತ್ತೇವೆ. ಮತ್ತೆ ಮತ್ತೆ ಬಂದಿದ್ದರೆ 2 ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಆಮೇಲೆ ಡೋಸ್ ಕಡಿಮೆ ಮಾಡುತ್ತಾ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಬಿಡಿಸುತ್ತೇವೆ. ಆರಾಮಾಗಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ ಇರಬಹುದು, ಅಲ್ವಾ? ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಒಮ್ಮೆ ಮಾಡಿಸಿ. ಮಾತ್ರೆಯ ಜೊತೆ ಕೌನ್ಸೆಲಿಂಗ್ ಸೇರಿದರೆ ಒಂದೇ ಚಿಕಿತ್ಸೆಗಿಂತ ಒಳ್ಳೆಯದು. ಮನಸ್ಸು ಬರಲಿ ಅಂತ ಕಾಯದೆ ಸಂಜೆ ಕುಂದವಾಡ ಕೆರೆ ಕಡೆ ನಡೆದು ಬನ್ನಿ.

ಖರ್ಚಿನ ಚಿಂತೆಯಿದ್ದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಸಾಯುವ ಯೋಚನೆ ಬಂದರಂತೂ ಒಬ್ಬರೇ ಇರಬೇಡಿ, 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಗೆ ಈಗಲೇ ಹೇಳಲೇಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ, ನಿಮ್ಮ ಮನೆ ನಿಮಗೇ ಗೊತ್ತು. ಆದರೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ, ಮುಂದಿನ ಸಲ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ಯಾವಾಗ ಯಾವಾಗ ಮಾತ್ರೆ ಬಿಟ್ಟಿರಿ, ಏನಾಯಿತು ಅನ್ನುವುದನ್ನು ಮುಚ್ಚಿಡದೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ್ ಬೈಯುವುದಿಲ್ಲ, ಡೋಸ್ ಇಳಿಸುವ ಲೆಕ್ಕ ಹಾಕಲು ಅವರಿಗೆ ಬೇಕಾದದ್ದೇ ಅದು.