ಡಿಎ ಬಿಟ್ಟು ಆರು ಸಾವಿರ ತಗೊಳ್ಳೋಣವೇ?

ಪ್ರಶ್ನೆ: ನಮ್ಮೂರು ಇಂಡಿ. ಹನ್ನೊಂದು ವರ್ಷದಿಂದ ಪುಣೆ ಹತ್ತಿರದ ಚಾಕಣದಲ್ಲಿ, ಗಾಡಿ ಬಿಡಿಭಾಗದ ಕಾರ್ಖಾನೆಯಲ್ಲಿ ಕಾಯಂ ಇದ್ದೇನೆ. ಒಟ್ಟು ಪಗಾರ 30,000. ವೇತನ ಒಪ್ಪಂದ ಮುಗಿದು ಐದು ತಿಂಗಳಾಯಿತು. ಮೂರು ವರ್ಷಕ್ಕೆ 6,000 ಏರಿಸುತ್ತೇವೆ, ಆದರೆ ಬೆಲೆ ಸೂಚ್ಯಂಕದ ಜೊತೆ ಏರುವ ಡಿಎ (ತುಟ್ಟಿಭತ್ಯೆ) ಇನ್ನಿಲ್ಲ ಅಂತ ಕಂಪನಿ ಹೇಳಿದೆ. ಯೂನಿಯನ್‌ನ ಹುಡುಗರು ಒಪ್ಪೋಣ ಅನ್ನುತ್ತಿದ್ದಾರೆ. ಏನು ಮಾಡೋಣ?

ಉತ್ತರ: ಡಿಎ ಬಿಡಬೇಡಿ ಸರ್. ಮೊದಲು ಆ ಮಾತು ಹೇಳಿಬಿಡುತ್ತೇನೆ.

6,000 ಅಂದರೆ ಶೇ 20. ಕೇಳಲು ಚೆನ್ನಾಗಿದೆ. ಆದರೆ ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದವು ಅಂದುಕೊಳ್ಳಿ. ಇವತ್ತು 30,000ಕ್ಕೆ ನಡೆಯುವ ಮನೆಗೆ ಮೂರು ವರ್ಷದ ನಂತರ 35,730 ಬೇಕು. ನಿಮ್ಮ ಕೈಯಲ್ಲಿ 36,000. ಹೆಚ್ಚಿಗೆ ಉಳಿದದ್ದು 270 ರೂಪಾಯಿ! ಶೇ 7ರಂತೆ ಏರಿದರೆ ಸುಮಾರು 36,750 ಬೇಕು, ಅಂದರೆ ನೀವೇ ಹಿಂದೆ ಬಿದ್ದಿರಿ. ಬೆಲೆ ಎಷ್ಟು ಏರುತ್ತದೋ ಯಾರಿಗೆ ಗೊತ್ತು? ಆ ಭಾರವನ್ನು ಕಂಪನಿ ಈಗ ನಿಮ್ಮ ತಲೆ ಮೇಲೆ ಹಾಕುತ್ತಿದೆ. ಇದೇ ಲೆಕ್ಕವನ್ನು ಹುಡುಗರ ಮುಂದೆ ಬರೆದು ತೋರಿಸಿ.

ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಕೇಂದ್ರದ ಲೇಬರ್ ಬ್ಯೂರೋ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಪುಣೆಗೆ ಬೇರೆಯೇ ಅಂಕಿ ಇದೆ. ಈಗಿನ ಸರಣಿಯಲ್ಲಿ 2016ರ ಬೆಲೆಗಳನ್ನು 100 ಅಂತ ಹಿಡಿದಿದ್ದಾರೆ. ಕಳೆದ ಒಪ್ಪಂದದ ತಿಂಗಳ ಅಂಕಿ, ಈ ತಿಂಗಳ ಅಂಕಿ ಎರಡನ್ನೂ ಹಿಡಿದು ಮಾತುಕತೆಗೆ ಹೋಗಿ. ಅದರಲ್ಲಿ ಮನೆ ಬಾಡಿಗೆ ಅಂಕಿ ಬದಲಾಗುವುದು ಆರು ತಿಂಗಳಿಗೊಮ್ಮೆ. ಹಾಗಾಗಿ ಮನೆ ಬಾಡಿಗೆ ಭತ್ಯೆಯನ್ನು ಬೇರೆಯಾಗಿಯೇ ಕೇಳಿ. ಚಿಖಲಿ, ಮೋಶಿ ಕಡೆ ಬಾಡಿಗೆ ಕೊಡುವ ನಮ್ಮವರಿಗೆ ಇದರ ಬಿಸಿ ಗೊತ್ತು.

ಇನ್ನೊಂದು ಮಾತು. ಏರಿಕೆ ಬೇಸಿಕ್‌ಗೆ (ಮೂಲ ವೇತನಕ್ಕೆ) ಎಷ್ಟು ಸೇರುತ್ತದೆ ಅಂತ ಕೇಳಿ. ಬೇಸಿಕ್, ಡಿಎ ಏರಿದರೆ ಸಾಮಾನ್ಯವಾಗಿ ಪಿಎಫ್, ಗ್ರಾಚ್ಯುಟಿ ಎರಡೂ ಏರುತ್ತವೆ. ಬರೀ ಅಲೋವೆನ್ಸ್‌ಗಳಿಗೆ ಹಂಚಿದರೆ ಆ ಲಾಭ ಸಿಗುವುದು ಕಷ್ಟ.

ಐದು ತಿಂಗಳಾಯಿತು ಅಂತ ಗಾಬರಿ ಬೇಡ. ಅವಧಿ ಮುಗಿದರೂ, ಒಂದು ಕಡೆಯವರು ಒಪ್ಪಂದ ಕೊನೆಗೊಳಿಸುತ್ತೇವೆ ಅಂತ ಲಿಖಿತ ನೋಟಿಸ್ ಕೊಟ್ಟು ಅರವತ್ತು ದಿನ ಕಳೆಯುವವರೆಗೆ ಹಳೆಯ ಒಪ್ಪಂದಕ್ಕೆ ಇಬ್ಬರೂ ಬದ್ಧ. ಅಂಥ ನೋಟಿಸ್ ಹೋಗಿದೆಯಾ, ಯಾವ ತಾರೀಖಿಗೆ ಅಂತ ನಾಳೆಯೇ ನೋಡಿ. ಹೊಸ ಒಪ್ಪಂದ ಹಳೆಯದು ಮುಗಿದ ದಿನದಿಂದಲೇ ಜಾರಿ, ಹಿಂಬಾಕಿ ಸಮೇತ ಅಂತ ಬರೆಸಿಕೊಳ್ಳಿ. ಬಾಯಿ ಮಾತು ಸಾಲದು.